ಜಗನ್ನಾಥ ಶಂಕರಶೇಟ್: ಮುಂಬಯಿ ರೈಲಿನ ಪ್ರವರ್ತಕ, ಮೊದಲ ತಲೆಮಾರಿನ ರಾಜಕಾರಣಿ

ಜಗನ್ನಾಥ ಶಂಕರಶೇಟ್ (10 ಫೆಬ್ರುವರಿ 1803 – 31 ಜುಲೈ 1865) ಮುಂಬಯಿಯ ಸಾಹುಕಾರ, ವಿದ್ಯಾಪೋಷಕ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ (ಜಿಐಪಿ) ಆರಂಭಕಾಲದ ಪ್ರವರ್ತಕರಲ್ಲಿ ಒಬ್ಬರು, ಬಾಂಬೆ ಅಸೋಸಿಯೇಷನ್ನಿನ ಅಧ್ಯಕ್ಷರು, ಮುಂಬಯಿ ಶಾಸನ ಪರಿಷತ್ತಿಗೆ ನಾಮಕರಣಗೊಂಡ ಮೊದಲ ಭಾರತೀಯರ ಸಾಲಿನವರು. ಜನರ ಬಾಯಲ್ಲಿ ಅವರು ನಾನಾ ಶಂಕರಶೇಟ್. ಹುಟ್ಟೂರು ಠಾಣೆ ಜಿಲ್ಲೆಯ ಮುರ್ಬಾಡ್. ಕಲ್ಯಾಣ, ಅಂಬರನಾಥಗಳಿಂದ ಪೂರ್ವಕ್ಕೆ ಸಹ್ಯಾದ್ರಿಯ ಬುಡದ ಕಡೆಗಿರುವ ಊರು. ಮರಾಠಿಯಲ್ಲಿ ಅವರ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಅವರನ್ನು 'ಭಾರತೀಯ ರೈಲ್ವೆಯ ಜನಕ' ಎಂದು ಕೊಂಡಾಡುತ್ತದೆ. ರೈಲ್ವೆಯ ಇತಿಹಾಸವನ್ನು ಇಂಗ್ಲಿಷ್ ದಫ್ತರಗಳಿಂದ ಬರೆದವರು ಅವರಿಗೆ ಒಂದೋ ಎರಡೋ ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಎರಡೂ ಅಳತೆಗಳು ಅವರಿಗೆ ಒಪ್ಪುವುದಿಲ್ಲ. ಅವರು ಹಳಿ ಹಾಕಿಸಿದವರಲ್ಲ. ದಾರಿ ಯಾವ ಕಡೆಗೆ ಹೋಗಬೇಕೆಂದು ತೀರ್ಮಾನಿಸುವ ಅಧಿಕಾರವೂ ಅವರ ಕೈಯಲ್ಲಿರಲಿಲ್ಲ. ಪರದೇಶದ ಒಂದು ಕಂಪನಿಗೆ ಊರಿನ ಒಪ್ಪಿಗೆಯನ್ನು ಸಂಪಾದಿಸಿಕೊಟ್ಟದ್ದು ಅವರ ಕೆಲಸ. ಹಾಗೆ ಕೊಟ್ಟ ಒಪ್ಪಿಗೆಗೆ ಪ್ರತಿಯಾಗಿ ಪ್ರಶ್ನೆ ಕೇಳುವ ಹಕ್ಕೂ ಬೇಕು ಎಂಬುದನ್ನು ಕಂಡುಕೊಂಡವರಲ್ಲಿ ಅವರು ಮೊದಲಿಗರು. ಆ ಕಾರಣಕ್ಕಾಗಿ ಅವರ ರೈಲನ್ನೂ ರಾಜಕಾರಣವನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ಅವರದು ದೈವಜ್ಞ ಬ್ರಾಹ್ಮಣ ಮನೆತನ. ಇದೇ ಸಮಾಜದ ಮನೆಗಳು ನಮ್ಮ ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿಗಳಲ್ಲೂ ಇವೆ. ಹೊನ್ನಾವರದ ಬಳಿಯ ಕರ್ಕಿಯಲ್ಲಿ ಅವರ ಮಠವಿದೆ. ಹದಿನೆಂಟನೆಯ ಶತಮಾನದಲ್ಲಿ ಹಿರಿಯ ಬಾಬುಲಶೇಟ್ ಠಾಣೆಯ ಬಳಿಯ ಘೋಡ್‌ಬಂದರಿನಿಂದ ಮುಂಬಯಿಗೆ ಬಂದು ನೆಲೆಸಿದರು. ತಂದೆ ಶಂಕರಶೇಟರು 1822ರಲ್ಲಿ ತೀರಿಕೊಂಡಾಗ ಹತ್ತೊಂಬತ್ತರ ಹರೆಯದ ಜಗನ್ನಾಥರ ಕೈಗೆ ಬಂದದ್ದು ಗಿರಗಾಂವಿನ ಮನೆ, ದೊಡ್ಡ ಆಸ್ತಿ ಮತ್ತು ಅದಕ್ಕಿಂತ ಬೆಲೆಬಾಳುವ ಸಾಖು, ಅಂದರೆ ಪೇಟೆಯ ನಂಬಿಕೆ. ಅರಬರು, ಅಫ್ಘನ್ನರು ಮೊದಲಾದ ಪರದೇಶದ ವ್ಯಾಪಾರಿಗಳು ತಮ್ಮ ಹಣ ಒಡವೆಗಳನ್ನು ಬ್ಯಾಂಕಿಗಿಂತ ಈ ಮನೆಯಲ್ಲಿಡುವುದೇ ಲೇಸೆಂದು ನಂಬಿದ್ದರಂತೆ. ಇಂಥ ಮಾತನ್ನು ಹೊಗಳಿಕೆಯ ಅಲಂಕಾರವೆಂದು ತಳ್ಳಿಬಿಡುವುದು ಸುಲಭ. ಆದರೆ ಆಗಿನ ಮುಂಬಯಿಯ ವ್ಯಾಪಾರದಲ್ಲಿ ಕಾಗದಕ್ಕಿಂತ ಮನುಷ್ಯನ ಹೆಸರು ಹೆಚ್ಚು ಓಡುತ್ತಿತ್ತು. ಯಾರ ಹುಂಡಿ ಎಲ್ಲಿಯವರೆಗೆ ಸಲ್ಲುತ್ತದೆ ಎನ್ನುವುದರ ಮೇಲೆ ಪೇಟೆಯ ಲೆಕ್ಕ ನಿಂತಿತ್ತು. ಆ ಪೇಟೆಯಲ್ಲಿ ಒಬ್ಬ ಶೇಟ್ ತನ್ನ ಹೆಸರನ್ನು ಹೊಸ ಸಂಸ್ಥೆಯೊಂದಕ್ಕೆ ಬರೆದುಕೊಟ್ಟರೆ ಅದು ಬಂಡವಾಳ ಕೊಟ್ಟಷ್ಟೇ ಆಗುತ್ತಿತ್ತು. ನಾನಾರ ಮುಂದಿನ ಸಾರ್ವಜನಿಕ ಬದುಕೆಲ್ಲ ಈ ಒಂದು ಬಂಡವಾಳವನ್ನು ಎಲ್ಲಿ ತೊಡಗಿಸಬೇಕೆಂಬ ಆಯ್ಕೆಗಳ ಕಥೆ. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗವರ್ನರಾಗಿದ್ದಾಗ ಹುಟ್ಟಿದ ದೇಶೀ ಶಿಕ್ಷಣ ಸಂಘದಲ್ಲಿ ಅವರು ಎಳೆಯ ವಯಸ್ಸಿನಲ್ಲೇ ತೊಡಗಿಕೊಂಡರು. 1830ರ ದಶಕದಲ್ಲಿ ಜಸ್ಟಿಸ್ ಆಫ್ ದಿ ಪೀಸ್ ಪದವಿಗೆ ಬಂದ ಮೊದಲ ಭಾರತೀಯರಲ್ಲಿ ಅವರಿದ್ದರು. ಸತಿ ಪದ್ಧತಿಯ ನಿಷೇಧದ ಪರವಾಗಿ ನಿಂತರು. ಸೋನಾಪುರದ ಸ್ಮಶಾನದ ವಿಚಾರದಲ್ಲಿ ಹಿಂದೂಗಳ ಪರವಾಗಿ ಸರಕಾರದೊಡನೆ ವಾದಿಸಿದರು. ರೈಲಿನ ಮಾತು ಬರುವ ಹೊತ್ತಿಗೆ ಸರಕಾರವೂ ಪೇಟೆಯೂ ಒಟ್ಟಿಗೆ ನಂಬುವ ಬೆರಳೆಣಿಕೆಯ ಮಂದಿಯಲ್ಲಿ ಅವರು ಒಬ್ಬರಾಗಿದ್ದರು.

ಮುಂಬಯಿ ರೈಲಿನ ಮೊದಲ ಆಲೋಚನೆಯನ್ನು ಸಾಮಾನ್ಯವಾಗಿ ಜಾರ್ಜ್ ಕ್ಲಾರ್ಕ್ ಎಂಬ ಇಂಜಿನಿಯರನ ಹೆಸರಿಗೆ ಬರೆಯುತ್ತಾರೆ. 1843ರಲ್ಲಿ ಭಾಂಡೂಪಿಗೆ ಹೋಗಿದ್ದಾಗ ಮುಂಬಯಿಯಿಂದ ಕುರ್ಲಾ, ಠಾಣೆ, ಕಲ್ಯಾಣಗಳ ಮೂಲಕ ಘಾಟಿನ ಬುಡದವರೆಗೆ ಒಂದು ಮಾರ್ಗ ಸಾಧ್ಯವೆಂದು ಆತನಿಗೆ ತೋಚಿತು. ಮುಂದಿನ ಎರಡು ವರ್ಷಗಳಲ್ಲಿ ಊರಿನ ಯುರೋಪಿಯನ್ ವರ್ತಕರೂ ದೇಶೀ ಶೇಟರೂ ಸೇರಿ ಗ್ರೇಟ್ ಈಸ್ಟರ್ನ್ ಎಂಬ ಹೆಸರಿನಲ್ಲಿ ಒಂದು ಯೋಜನೆಗೆ ಕೈಹಾಕಿದರು. ಜಮ್‌ಸೇಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟ್ ಅದರ ಮುಂದಾಳುಗಳಲ್ಲಿದ್ದರು. ಅದೇ ಸಮಯದಲ್ಲಿ ಲಂಡನ್ನಿನಲ್ಲಿ ಜಾನ್ ಚಾಪ್‌ಮನ್ ಎಂಬಾತ ಜಿಐಪಿ ಯೋಜನೆಯನ್ನು ಕಟ್ಟುತ್ತಿದ್ದ. 1845ರಲ್ಲಿ ಆತ ತಾನೇ ಮುಂಬಯಿಗೆ ಬಂದು ದಾರಿಗಳನ್ನು ನೋಡಿದ. ಸ್ಥಳೀಯ ಯೋಜನೆ ಲಂಡನ್ನಿನದರಲ್ಲಿ ಕರಗಿತು. ಇಲ್ಲಿಯವರು ಅದರ ಮುಂಬಯಿ ಸಮಿತಿಯಾಗಿ ಉಳಿದರು. ಯೋಜನೆಯ ಹಿಂದಿದ್ದ ಒತ್ತಡ ಹತ್ತಿಯದು. 1846ರಲ್ಲಿ ಅಮೆರಿಕದ ಹತ್ತಿ ಬೆಳೆ ಕೈಕೊಟ್ಟಾಗ ಲ್ಯಾಂಕಶೈರಿನ ಗಿರಣಿ ಮಾಲೀಕರಿಗೆ ಬೆವರು ಬಂತು. ವಿದರ್ಭದ, ಖಾನ್‌ದೇಶದ ಹತ್ತಿ ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು, ಮಳೆಯಲ್ಲಿ ನೆನೆದು, ಧೂಳಿನಲ್ಲಿ ಹೊರಳಿ ಬಂದರು ಸೇರುವುದನ್ನು ಅವರು ಸಹಿಸಲು ಸಿದ್ಧರಿರಲಿಲ್ಲ. ಕಂಪನಿ 1849ರ ಆಗಸ್ಟ್ 1ರಂದು ಬ್ರಿಟಿಷ್ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾಯಿತು. ಅದೇ ತಿಂಗಳು 17ರಂದು ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರಾಯಿತು: ಮೊದಲ ಬಂಡವಾಳ ಐದು ಲಕ್ಷ ಪೌಂಡು, ಅದಕ್ಕೆ ಶೇಕಡಾ 5ರ ಬಡ್ಡಿಯ ಖಾತರಿ, ನೆಲ ಪುಕ್ಕಟೆ. ಆಡಳಿತ ಮಂಡಳಿ ಕೂತದ್ದು ಲಂಡನ್ನಿನಲ್ಲಿ. ಮುಂಬಯಿ ಸಮಿತಿಯ ಪಾಲಿಗೆ ಉಳಿದದ್ದು ಸಲಹೆ, ಷೇರು ಹೊಂದಿಸುವುದು, ಸರಕಾರದೊಡನೆ ಓಡಾಟ. ಗಿರಗಾಂವಿನ ತಮ್ಮ ಮನೆಯ ಒಂದು ಭಾಗವನ್ನು ನಾನಾ ಕಂಪನಿಯ ಕಚೇರಿಗೆ ಬಿಟ್ಟುಕೊಟ್ಟರೆಂದು ಅವರ ಚರಿತ್ರೆಗಳೆಲ್ಲ ಹೇಳುತ್ತವೆ. ಅವರ ಸ್ಥಾನ ಎಂಥದೆಂಬುದಕ್ಕೆ ಇದಕ್ಕಿಂತ ನಿಖರವಾದ ವಿವರ ಬೇಡ. ಕಚೇರಿ ಅವರ ಮನೆಯಲ್ಲಿ, ತೀರ್ಮಾನ ಥೇಮ್ಸ್ ದಂಡೆಯಲ್ಲಿ.

ಇದೇ ಕಾಲದ ಅಮೆರಿಕದತ್ತ ನೋಡಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯದ ಲೆಲಂಡ್ ಸ್ಟ್ಯಾನ್‌ಫರ್ಡ್ ಕೂಡ ನಾನಾರಂತೆ ವ್ಯಾಪಾರಿ. 1861ರಲ್ಲಿ ಹುಟ್ಟಿದ ಸೆಂಟ್ರಲ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷನಾಗಿದ್ದುಕೊಂಡೇ ಆತ 1862ರಿಂದ 1863ರವರೆಗೆ ಆ ರಾಜ್ಯದ ಗವರ್ನರಾಗಿದ್ದ. 1863ರ ಜನವರಿಯಲ್ಲಿ ಸ್ಯಾಕ್ರಮೆಂಟೊದಲ್ಲಿ ಕೆಲಸಕ್ಕೆ ಗುದ್ದಲಿ ಹಾಕಿದ. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವ ಪಶ್ಚಿಮದ ಹಳಿಗಳು ಸೇರಿದಾಗ ಕೊನೆಯ ಮೊಳೆಗೆ ಸುತ್ತಿಗೆ ಎತ್ತಿದವನೂ ಆತನೇ. 1885ರಿಂದ ಸಾಯುವವರೆಗೆ ಸೆನೆಟರ್. ಅಲ್ಲಿ ಕಂಪನಿಗೆ ಬೇಕಾದ ನೆಲ, ಸಾಲಪತ್ರ, ಕಾನೂನು ಎಲ್ಲವೂ ಶಾಸನಸಭೆಗಳಿಂದ ಬರುತ್ತಿದ್ದವು, ಮತ್ತು ಶಾಸನಸಭೆಗೆ ರೈಲಿನ ಯಜಮಾನ ತಾನೇ ನಡೆದು ಹೋಗಬಹುದಿತ್ತು. ಅದು ಆತನ ಸಂಪತ್ತಿನ ಮೂಲ. ಅಮೆರಿಕದ ರಾಜಕಾರಣದ ದೊಡ್ಡ ರೋಗಗಳಲ್ಲಿ ಒಂದೂ ಹೌದು. ಮುಂಬಯಿಯಲ್ಲಿ 1849ರಲ್ಲಿ ಭಾರತೀಯನೊಬ್ಬ ಕಾಲಿಡಬಹುದಾದ ಶಾಸನಸಭೆಯೇ ಇರಲಿಲ್ಲ. ರೈಲಿನ ಖಾತರಿ ಬಡ್ಡಿಯ ಹೊಣೆ ಭಾರತದ ಕಂದಾಯದ ಮೇಲಿತ್ತು, ಆ ಕಂದಾಯ ತೆರುವವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಸ್ಟ್ಯಾನ್‌ಫರ್ಡ್ ರೈಲಿನ ಬಲದಿಂದ ಸಭೆಯನ್ನು ಹಿಡಿದ; ನಾನಾ ಶಂಕರಶೇಟರಿಗೆ ಮೊದಲು ಸಭೆಯೊಂದು ಇರಬೇಕೆಂದು ವಾದಿಸುವುದೇ ಕೆಲಸವಾಯಿತು. ಅವರನ್ನು ಅಮೆರಿಕದ ರೈಲು ದೊರೆಗಳ ಪಕ್ಕಕ್ಕೆ ನಿಲ್ಲಿಸಿ 'ನಮ್ಮವರೂ ಇದ್ದರು' ಎಂದು ಬೀಗುವವರು ಈ ಒಂದು ಸಂಗತಿಯನ್ನು ಬಿಟ್ಟೇಬಿಡುತ್ತಾರೆ.

ಹಳಿ ಹಾಕಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಮುಖ್ಯ ಇಂಜಿನಿಯರ್ ಜೇಮ್ಸ್ ಜಾನ್ ಬರ್ಕ್ಲಿ 1850ರಲ್ಲಿ ಮುಂಬಯಿಗೆ ಬಂದ. ಆ ವರ್ಷದ ಅಕ್ಟೋಬರ್ 31ರಂದು ಸಾಯನ್ ಬಳಿ ಮೊದಲ ಮಣ್ಣು ಅಗೆದರು. ಠಾಣೆಯವರೆಗಿನ ಗುತ್ತಿಗೆ ಫೇವಿಯಲ್ ಮತ್ತು ಫೌಲರ್ ಎಂಬ ಇಂಗ್ಲಿಷ್ ಗುತ್ತಿಗೆದಾರರದು. 1853ರ ಏಪ್ರಿಲ್ 16ರ ಶನಿವಾರ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ, 21 ತೋಪುಗಳ ಸದ್ದಿನಲ್ಲಿ, ಮೂರು ಎಂಜಿನುಗಳು ಎಳೆದ 14 ಡಬ್ಬಿಗಳ ರೈಲು ಸುಮಾರು 400 ಅತಿಥಿಗಳನ್ನು ಹೊತ್ತು ಬೋರಿಬಂದರಿನಿಂದ ಠಾಣೆಗೆ 21 ಮೈಲಿ ಓಡಿತು. ಗವರ್ನರ್ ಲಾರ್ಡ್ ಫಾಕ್‌ಲಂಡ್ ಅಂದು ಊರಲ್ಲಿ ಇರಲಿಲ್ಲ. ಬೇಸಗೆಯ ಸೆಕೆಗೆ ಹೆದರಿ ಬೆಟ್ಟ ಹತ್ತಿದ್ದ. ಅತಿಥಿಗಳಲ್ಲಿ ನಾನಾ ಇದ್ದರು. 1854ರ ಮೇ 1ರಂದು ರೈಲು ಠಾಣೆಯ ಖಾರಿಯನ್ನು ದಾಟಿ ಕಲ್ಯಾಣಕ್ಕೆ ಬಂತು. ಅಲ್ಲಿಂದ ದಾರಿ ಕವಲೊಡೆಯಿತು. ಒಂದು ಈಶಾನ್ಯಕ್ಕೆ ಥಳ ಘಾಟಿನ ಕಡೆ, ಇನ್ನೊಂದು ಆಗ್ನೇಯಕ್ಕೆ, ಇಂದಿನ ಉಲ್ಹಾಸನಗರ, ಅಂಬರನಾಥ, ಬದಲಾಪುರಗಳ ಬಯಲನ್ನು ಹಾದು 1856ರಲ್ಲಿ ಖೋಪೋಲಿಗೆ. ಆಮೇಲಿನದು ಭೋರ್ ಘಾಟ್. ಹದಿನಾರು ಮೈಲಿಗೆ ಸ್ವಲ್ಪ ಕಡಮೆ ದೂರದಲ್ಲಿ 1831 ಅಡಿ ಏರು, 25 ಸುರಂಗ. 1856ರಲ್ಲಿ ಶುರುವಾದ ಕೆಲಸ ಮುಗಿದದ್ದು 1863ರಲ್ಲಿ. 1861ರ ಸುಮಾರಿಗೆ ಅಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಕೂಲಿಗಳು ದುಡಿಯುತ್ತಿದ್ದರು. ಕಾಲರಾ ಬಂದರೆ ಗುಡಾರಗಳು ಖಾಲಿಯಾಗುತ್ತಿದ್ದವು. 1859ರ ಜನವರಿಯಲ್ಲಿ ಕೂಲಿ ಬಾಕಿಯ ಸಿಟ್ಟು ಗಲಭೆಯಾಗಿ ಸಿಡಿಯಿತು. ಅದೇ ವರ್ಷ ಗುತ್ತಿಗೆ ಸಾಲೊಮನ್ ಟ್ರೆಡ್‌ವೆಲ್ ಕೈಗೆ ಹೋಯಿತು. ಬಂದ ಕೆಲವೇ ದಿನಗಳಲ್ಲಿ ಆತ ಸತ್ತ, ಹೆಂಡತಿ ಆಲಿಸ್ ಗುತ್ತಿಗೆಯನ್ನು ಮುಂದುವರಿಸಿದಳು. ಜಮ್‌ಸೇಟ್‌ಜಿ ದೊರಾಬ್‌ಜಿಯಂಥ ಪಾರ್ಸಿ ಗುತ್ತಿಗೆದಾರರೂ ಈ ಮಾರ್ಗದಲ್ಲಿ ಹೆಸರು ಮಾಡಿದರು. 'ಜನಕ' ಎಂಬ ಬಿರುದನ್ನು ಯಾರಿಗಾದರೂ ಕೊಡಲೇಬೇಕೆಂದರೆ ಘಾಟಿನಲ್ಲಿ ಮಣ್ಣಾದ ಹೆಸರಿಲ್ಲದ ಕೂಲಿಗಳ ಹಕ್ಕು ಶೇಟರದಕ್ಕಿಂತ ದೊಡ್ಡದು.

ಹಾಗಿದ್ದರೆ ಅವರು ಬರಿ ಅಲಂಕಾರದ ಹೆಸರೇ? ಸಮಿತಿಯ ಪಟ್ಟಿಗೆ ಶೋಭೆ ತರಲು ಇಬ್ಬರು ದೇಶೀಯರನ್ನು ಸೇರಿಸಿಕೊಂಡರು, ಅಷ್ಟೇ ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳೂ ಇದೆ. ಆದರೆ ಆ ಕಾಲದ ವಿರೋಧಿಗಳು ಏನು ಹೇಳುತ್ತಿದ್ದರು ಎಂಬುದನ್ನು ನೋಡಬೇಕು. ಜಾತಿಯ ಜನ ಒಂದೇ ಡಬ್ಬಿಯಲ್ಲಿ ಕೂರುವುದಿಲ್ಲ, ಬಡವರಿಗೆ ಸಮಯಕ್ಕೆ ಬೆಲೆಯಿಲ್ಲ, ಹಾಗಾಗಿ ಪ್ರಯಾಣಿಕರಿಂದ ಕಾಸು ಹುಟ್ಟುವುದಿಲ್ಲ, ರೈಲು ಬದುಕಿದರೆ ಸರಕಿನಿಂದಲೇ ಬದುಕಬೇಕು ಎಂಬ ಮಾತು ಲಂಡನ್ನಿನಲ್ಲೂ ಕಲ್ಕತ್ತದಲ್ಲೂ ಚಾಲ್ತಿಯಲ್ಲಿತ್ತು. ಇಂಥ ಅನುಮಾನವನ್ನು ಸಾಹೇಬರ ಲೆಕ್ಕಪತ್ರ ಕಳೆಯಲಾರದು. ಸ್ನಾನ ಸಂಧ್ಯೆ ಬಿಡದ, ದೇವಸ್ಥಾನ ನಡೆಸುವ, ಜಾತಿಯ ಪಂಚಾಯಿತಿಯಲ್ಲಿ ಮಾತಿಗೆ ತೂಕವಿರುವ ಶೇಟ್ ತಾನೇ ಆ ಬಂಡಿ ಹತ್ತಿದರೆ ಮಾತ್ರ ಗಿರಗಾಂವಿನ ಓಣಿಗಳಲ್ಲಿ ಅದು ಸುದ್ದಿ. ರೈಲು ಓಡತೊಡಗಿದ ಮೊದಲ ವರ್ಷಗಳಲ್ಲೇ ಮೂರನೆಯ ದರ್ಜೆ ತುಂಬಿ ತುಳುಕಿತು. ಪ್ರಯಾಣಿಕರ ಎಣಿಕೆಯಲ್ಲಿ ದೊಡ್ಡ ಪಾಲು ಆ ದರ್ಜೆಯದೇ ಆಯಿತು. ಇದಕ್ಕೆ ಒಬ್ಬ ಮನುಷ್ಯನ ವರ್ಚಸ್ಸೇ ಕಾರಣವೆಂದರೆ ಉತ್ಪ್ರೇಕ್ಷೆ. ಜನರಿಗೆ ಅಗ್ಗದ, ಬೇಗನೆಯ ದಾರಿ ಬೇಕಿತ್ತು, ಸಿಕ್ಕಿತು, ಹತ್ತಿದರು. ಆದರೆ ಸಮಿತಿಯಲ್ಲಿ ಕೂತ ದೇಶೀಯರ ಹೆಸರಿಗೆ ಕಂಪನಿ ಕಂಡುಕೊಂಡಿದ್ದ ಬೆಲೆ ಈ ಅನುಮಾನದ ಹಿನ್ನೆಲೆಯಲ್ಲಿ ಮಾತ್ರ ಅರ್ಥವಾಗುತ್ತದೆ. ಕೆನೆಹಾಲಿಗೆ ಹಾಕುವ ಹೆಪ್ಪಿನ ಚೂರಿನಂತೆ ಅವರ ಪಾತ್ರ: ಪ್ರಮಾಣ ಸಣ್ಣದು, ಅದಿಲ್ಲದೆ ಕೆಲಸ ಕೂಡುತ್ತಿರಲಿಲ್ಲ.

ನಾನಾರ ನಿಜವಾದ ಸ್ವಂತಿಕೆ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. 1852ರ ಆಗಸ್ಟ್ 26ರಂದು, ಅಂದರೆ ರೈಲು ಠಾಣೆಗೆ ಓಡುವ ಎಂಟು ತಿಂಗಳ ಮುಂಚೆ, ಬಾಂಬೆ ಅಸೋಸಿಯೇಷನ್ ಹುಟ್ಟಿತು. ಪಶ್ಚಿಮ ಭಾರತದ ಮೊದಲ ರಾಜಕೀಯ ಸಂಸ್ಥೆ ಅದು. ಜಮ್‌ಸೇಟ್‌ಜಿ ಜೀಜೀಭಾಯ್ ಗೌರವಾಧ್ಯಕ್ಷರು, ಜಗನ್ನಾಥ ಶಂಕರಶೇಟ್ ಅಧ್ಯಕ್ಷರು. ಭಾವು ದಾಜಿ, ನೌರೋಜಿ ಫರ್ದೂನ್‌ಜಿಯಂಥ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿದ ತರುಣರು ಅದರ ಕೈಕಾಲು. ದಾದಾಭಾಯಿ ನವರೋಜಿ ತಮ್ಮ ಮೊದಲ ರಾಜಕೀಯ ಭಾಷಣ ಮಾಡಿದ್ದು ಆ ಸ್ಥಾಪನಾ ಸಭೆಯಲ್ಲಿ. ಜೀಜೀಭಾಯ್, ಶಂಕರಶೇಟ್ ಎಂಬ ಎರಡು ಹೆಸರುಗಳನ್ನು ರೈಲಿನ ಸಮಿತಿಯಲ್ಲಿ ಆಗಲೇ ಕಂಡಿದ್ದೇವೆ. ಈಸ್ಟ್ ಇಂಡಿಯಾ ಕಂಪನಿಯ ಸನದು 1853ರಲ್ಲಿ ನವೀಕರಣಕ್ಕೆ ಬರುವುದಿತ್ತು. ಅದಕ್ಕೆ ಮುಂಚೆಯೇ ಅಸೋಸಿಯೇಷನ್ ಬ್ರಿಟಿಷ್ ಸಂಸತ್ತಿಗೆ ಮನವಿ ಸಿದ್ಧಪಡಿಸಿತು. ಭಾರತೀಯರಿಗೂ ಜಾಗವಿರುವ ಶಾಸನ ಪರಿಷತ್ತು, ಮೇಲಿನ ನೌಕರಿಗಳಿಗೆ ಪ್ರವೇಶ, ಆಡಳಿತದ ಖರ್ಚುವೆಚ್ಚದ ಮೇಲೆ ಕಣ್ಣು ಅದರ ಬೇಡಿಕೆಗಳು. 1853ರ ಏಪ್ರಿಲ್ ತಿಂಗಳಲ್ಲಿ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮನವಿಯ ಅರ್ಥ ತಿಳಿಯುತ್ತದೆ. 16ರಂದು ಠಾಣೆಗೆ ರೈಲು. 20ರಂದು ಗವರ್ನರ್ ಜನರಲ್ ಡಾಲ್‌ಹೌಸಿ ಇಡೀ ಉಪಖಂಡಕ್ಕೆ ಮುಖ್ಯ ಮಾರ್ಗಗಳ ಜಾಲವನ್ನು ಚಿತ್ರಿಸಿದ ತನ್ನ ಪ್ರಸಿದ್ಧ ಟಿಪ್ಪಣಿಗೆ ಸಹಿ ಹಾಕಿದ. ಸೈನ್ಯದ ಓಡಾಟ, ಹತ್ತಿಯ ಸಾಗಾಟ, ಇಂಗ್ಲಿಷ್ ಸರಕಿಗೆ ಮಾರುಕಟ್ಟೆ ಎಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತು. ಖಾತರಿ ಬಡ್ಡಿ ತೆರುವ ನಾಡಿನವರ ಅಭಿಪ್ರಾಯಕ್ಕೆ ಅದರಲ್ಲಿ ಜಾಗವಿರಲಿಲ್ಲ. ಮುಂಬಯಿಯ ಮನವಿ ಕೇಳುತ್ತಿದ್ದದ್ದು ಆ ಜಾಗವನ್ನೇ.

ಇಲ್ಲಿ ಒಂದು ಎದುರುವಾದ ಬರುತ್ತದೆ: ಆಗಿನ ಮುಂಬಯಿಯಲ್ಲಿ ದೊಡ್ಡ ಮನುಷ್ಯರ ಸಂಖ್ಯೆಯೇ ಚಿಕ್ಕದು, ಅದೇ ನಾಲ್ಕು ಮಂದಿ ರೈಲಿನ ಸಮಿತಿಯಲ್ಲೂ ಇರುತ್ತಾರೆ, ಮನವಿಯ ಕೆಳಗೂ ಇರುತ್ತಾರೆ, ಇದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಗೆ ಹೇಳುವುದು? ಕಾರಣ ಎಂದು ಹೇಳಬೇಕಿಲ್ಲ. ಸಮಿತಿ ಕೂಡಿಸುವುದು, ಠರಾವು ಬರೆಯುವುದು, ಲೆಕ್ಕ ಕೇಳುವುದು, ಲಂಡನ್ನಿನ ಧಣಿಗಳಿಗೆ ಸಮುದ್ರದಾಚೆಯಿಂದ ವಾದ ಹೂಡುವುದು ಎಂಬ ಕೆಲಸಗಳ ಅಭ್ಯಾಸ ಅವರಿಗೆ ಎಲ್ಲಿ ಆಯಿತು ಎಂದು ಕೇಳಿದರೆ ಸಾಕು. ರೈಲು ಅದರ ಒಂದು ಶಾಲೆ, ಶಿಕ್ಷಣ ಮಂಡಳಿ ಇನ್ನೊಂದು. ಈ ಎರಡನೆಯದು ಕನ್ನಡಿಗರಿಗೆ ಸಂಬಂಧಿಸಿದ ಸಂಗತಿ. 1840ರಿಂದ 1856ರವರೆಗೆ ನಾನಾ ಮುಂಬಯಿ ಪ್ರಾಂತ್ಯದ ಶಿಕ್ಷಣ ಮಂಡಳಿಯಲ್ಲಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳು ಆಗ ಅದೇ ಪ್ರಾಂತ್ಯದೊಳಗಿದ್ದವು. ಮಂಡಳಿಯ ಅಧ್ಯಕ್ಷನಾಗಿದ್ದ ನ್ಯಾಯಾಧೀಶ ಎರ್ಸ್ಕಿನ್ ಪೆರಿ ಮೇಲಿನ ವರ್ಗದವರಿಗೆ ಇಂಗ್ಲಿಷಿನಲ್ಲೇ ಪಾಠವಾಗಲಿ ಎಂದ. 1847ರ ಸುಮಾರಿಗೆ ಈ ಜಗಳ ಏರಿತು. ಕರ್ನಲ್ ಜರ್ವಿಸ್ ಮತ್ತು ಜಗನ್ನಾಥ ಶಂಕರಶೇಟ್ ದೇಶಭಾಷೆಗಳ ಪಕ್ಷ ಹಿಡಿದರು: ಇಂಗ್ಲಿಷ್ ಕಲಿಯಲಿ, ಆದರೆ ಬಹುಜನಕ್ಕೆ ವಿದ್ಯೆ ಹರಡುವುದು ಅವರವರ ಭಾಷೆಯಿಂದಲೇ ಎಂಬುದು ಅವರ ನಿಲುವು. ಅವರ ಮನಸ್ಸಿನಲ್ಲಿ ಮುಖ್ಯವಾಗಿ ಮರಾಠಿ, ಗುಜರಾತಿಗಳಿದ್ದವು, ನಿಜ. ಕನ್ನಡ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಬಹುಕಾಲ ಮೆರೆಯಿತು ಎಂಬುದೂ ನಿಜ. ಆದರೂ ದೇಶಭಾಷೆಯ ಶಾಲೆ ಎಂಬ ತತ್ವ ಪ್ರಾಂತ್ಯದ ನೀತಿಯಲ್ಲಿ ಉಳಿದದ್ದರಿಂದಲೇ ಮುಂದೆ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಅದೇ ತತ್ವ ಹಿಡಿದು ಕನ್ನಡ ಶಾಲೆಗಳಿಗಾಗಿ ಹೋರಾಡಲು ಸಾಧ್ಯವಾಯಿತು. ನಮಗೆ ಬೇಕಾದ ಸಂಗತಿ ಇಷ್ಟು: ಸರಕಾರ ಕೂರಿಸಿದ ಮಂಡಳಿಯಲ್ಲಿ ಸರಕಾರದ ಅಧ್ಯಕ್ಷನಿಗೆ ಎದುರು ನಿಲ್ಲುವುದನ್ನು ಈ ಶೇಟ್ ರೈಲಿನ ಕಂಪನಿ ಸ್ಥಾಪನೆಯಾಗುವ ಮೊದಲೇ ಕಲಿತಿದ್ದರು. ಇಂಥವರನ್ನು ಅಲಂಕಾರದ ಗೊಂಬೆ ಎನ್ನುವುದು ಕಷ್ಟ. 1849ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾರ್ಥಿಗಳ ಸಂಘ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರು ತಮ್ಮ ಮನೆಯಂಗಳದಲ್ಲೇ ಅದಕ್ಕೆ ಜಾಗ ಕೊಟ್ಟದ್ದಕ್ಕೆ ಸಾಹೇಬರ ಮೆಚ್ಚುಗೆಗಿಂತ ಸ್ವಜಾತಿಯವರ ಗೊಣಗಾಟವೇ ಹೆಚ್ಚಾಗಿ ಸಿಕ್ಕಿರಬೇಕು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆಯದು. ಖಾತರಿ ಪದ್ಧತಿ ನಾಡನ್ನು ಹಿಂಡಿದ ಪದ್ಧತಿ. ಲಾಭ ಬರಲಿ ಬಿಡಲಿ, ಷೇರುದಾರರಿಗೆ ಶೇಕಡಾ 5 ಹೋಗಲೇಬೇಕು. ಕೊರತೆಯನ್ನು ರೈತನ ಕಂದಾಯದಿಂದ ತುಂಬಬೇಕು. ಹಾಗಿರುವಾಗ ಕಂಪನಿಗೆ ಮಿತವ್ಯಯ ಏಕೆ? ಹಳಿ, ಎಂಜಿನು, ಸೇತುವೆಯ ಕಬ್ಬಿಣ ಎಲ್ಲವೂ ಇಂಗ್ಲೆಂಡಿನಿಂದ. ಮುಂದೆ ದಾದಾಭಾಯಿ ನವರೋಜಿ ಭಾರತದ ಸಂಪತ್ತು ಹೊರಕ್ಕೆ ಹರಿದುಹೋಗುವ ಲೆಕ್ಕ ಹಾಕಿದಾಗ ರೈಲಿನ ಬಡ್ಡಿಗೆ ಅದರಲ್ಲಿ ಪ್ರಮುಖ ಸ್ಥಾನವಿತ್ತು. ಇಂಥದೊಂದು ಏರ್ಪಾಟಿಗೆ ಹೆಸರು, ಮನೆ, ಹಣ ಕೊಟ್ಟವರನ್ನು ದೇಶಹಿತದವರೆಂದು ಹೇಗೆ ಕರೆಯುವುದು? ಈ ಮಾತನ್ನು ಅರ್ಧ ಒಪ್ಪಬೇಕಾಗುತ್ತದೆ. 1849ರ ಕರಾರನ್ನು ನಾನಾ ವಿರೋಧಿಸಲಿಲ್ಲ; ವಿರೋಧಿಸುವ ಸ್ಥಾನ ಅವರಿಗಿರಲಿಲ್ಲ ಎನ್ನಬಹುದು, ಆದರೆ ಅದು ಪೂರ್ತಿ ಸಮಾಧಾನವಲ್ಲ. ಶೇಟರ ವರ್ಗಕ್ಕೆ ರೈಲು ಲಾಭದ ದಾರಿಯೂ ಆಗಿತ್ತು. ಬಂದರಿನ ವ್ಯಾಪಾರ ಬೆಳೆದರೆ ಬೆಳೆಯುವವರು ಅವರೇ. ಭೋರ್ ಘಾಟಿನ ಕೂಲಿಗಳ ಸಂಕಟ ಅಸೋಸಿಯೇಷನ್ನಿನ ಮನವಿಯ ವಿಷಯವಾಗಿರಲಿಲ್ಲ. ವಾದದ ಇನ್ನರ್ಧ ಮಾತ್ರ ನಿಲ್ಲುವುದಿಲ್ಲ. ಖಾತರಿಯ ಕೆಡುಕನ್ನು ಲೆಕ್ಕ ಹಾಕಿ ತೋರಿಸಿದ ದಾದಾಭಾಯಿ ಬೆಳೆದದ್ದು ನಾನಾ ಪೋಷಿಸಿದ ವಿದ್ಯಾಲಯದಲ್ಲಿ. ಬಹಿರಂಗವಾಗಿ ಮಾತು ಕಲಿತದ್ದು ನಾನಾ ಅಧ್ಯಕ್ಷರಾಗಿದ್ದ ಸಭೆಯಲ್ಲಿ. ಪ್ರಶ್ನೆ ಕೇಳುವ ವೇದಿಕೆಯನ್ನು ಮೊದಲು ಹಾಕದೆ ಪ್ರಶ್ನೆ ಹುಟ್ಟುವುದಿಲ್ಲ. ನಿಷ್ಠಾವಂತ ಶ್ರೀಮಂತರು ಹಾಕಿದ ವೇದಿಕೆಯಿಂದಲೇ ಸಾಮ್ರಾಜ್ಯದ ಲೆಕ್ಕಪತ್ರದ ತಪಾಸಣೆ ಶುರುವಾದದ್ದು ಇತಿಹಾಸದ ಒಂದು ವಕ್ರಗತಿ. ಸರಕಾರಕ್ಕೂ ಅದರ ವಾಸನೆ ಬಡಿದಿತ್ತು. 1857ರ ದಂಗೆಯ ದಿನಗಳಲ್ಲಿ, ಅಷ್ಟು ವರ್ಷ ಆಪ್ತರಾಗಿದ್ದ ನಾನಾರ ಮೇಲೂ ಸಂಶಯದ ಬೆರಳು ಎದ್ದಿತು. ರುಜುವಾತು ಸಿಗದೆ ಕೆಳಗಿಳಿಯಿತು.

1861ರ ಕಾಯಿದೆ ಪ್ರಾಂತ್ಯಗಳಿಗೆ ಶಾಸನ ಪರಿಷತ್ತುಗಳನ್ನು ಕೊಟ್ಟಿತು. ಒಂಬತ್ತು ವರ್ಷ ಮುಂಚೆ ಬೇಡಿದ್ದರ ಒಂದು ತುಣುಕು ಇದು. ಚುನಾವಣೆಯಿಲ್ಲ, ಆಯವ್ಯಯದ ಮೇಲೆ ಅಧಿಕಾರವಿಲ್ಲ, ಸದಸ್ಯರು ಗವರ್ನರನ ಆಯ್ಕೆ. 1862ರಲ್ಲಿ ನಾನಾ ಅದಕ್ಕೆ ನಾಮಕರಣಗೊಂಡರು. ಆಗ ಅವರಿಗೆ ಐವತ್ತೊಂಬತ್ತು. ಅದೇ ವರ್ಷ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವ ಆಸೆ ಅದರ ಹಿಂದಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತ್ತು, ಅಲ್ಲಿನ ಹತ್ತಿ ನಿಂತಿತ್ತು, ಮುಂಬಯಿಯಲ್ಲಿ ಬೆಳ್ಳಿಯ ಮಳೆ. 1863ರಲ್ಲಿ ಭೋರ್ ಘಾಟ್, 1865ರ ಆರಂಭದಲ್ಲಿ ಥಳ ಘಾಟ್ ತೆರೆದವು; ಇಪ್ಪತ್ತು ವರ್ಷದ ಹಿಂದೆ ಸಮಿತಿ ಕಂಡ ಕನಸು ನಡೆಯತೊಡಗಿತು. 1865ರ ವಸಂತದಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂದದ್ದೇ ಹತ್ತಿಯ ಬೆಲೆ ಕುಸಿಯಿತು. ಜುಲೈ 1ರ ವಾಯಿದೆಯ ದಿನ ಮುಂಬಯಿಯ ಷೇರು ಬಜಾರು ಮಣ್ಣುಮುಕ್ಕಿತು. ಆ ತಿಂಗಳ ಕೊನೆಯ ದಿನ ನಾನಾ ತೀರಿಕೊಂಡರು. ಅವರ ಮಾರ್ಗ ಮಾತ್ರ ನಿಲ್ಲಲಿಲ್ಲ. ಸೊಲ್ಲಾಪುರದಿಂದ ಮುಂದಕ್ಕೆ ಕಲಬುರಗಿ, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಕನ್ನಡ ನಾಡಿನ ಈಶಾನ್ಯ ಮೂಲೆಗೆ ಮುಂಬಯಿ ಹತ್ತಿರವಾದದ್ದು ಹಾಗೆ; ಧಾರವಾಡಕ್ಕೆ ರೈಲು ಬರಲು 1880ರ ದಶಕ ಬೇಕಾಯಿತು.

ಅಂಬರನಾಥದ ಕಥೆ ಈ ಎರಡೆಳೆಯ ಬದುಕಿಗೆ ಒಳ್ಳೆಯ ಸಾಕ್ಷಿ. 1856ರಲ್ಲಿ ಹಳಿ ಹಾದುಹೋದಾಗ ಅದು ಒಂದು ಹಳ್ಳಿ, ಪಕ್ಕದಲ್ಲಿ ಶಕ 982ರ, ಅಂದರೆ ಕ್ರಿ.ಶ. 1060ರ ಶಾಸನವಿರುವ ಶಿವಾಲಯ. ಉತ್ತರ ಕೊಂಕಣದ ಶಿಲಾಹಾರ ದೊರೆ ಮಮ್ವಾಣಿಯ ಕಾಲದ್ದು. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಈ ಮನೆತನದ ಬಿರುದಾವಳಿಯಲ್ಲಿ ಕನ್ನಡದ ಬಿರುದುಗಳು ಸಿಗುತ್ತವೆ. ಹತ್ತಿಗಾಗಿ ಹಾಕಿದ ಹಳಿ ಈ ದೇವಾಲಯವನ್ನು ಮುಂಬಯಿಯ ವಿದ್ವಾಂಸರಿಗೆ ಕೆಲವು ಗಂಟೆಗಳ ದಾರಿಯನ್ನಾಗಿ ಮಾಡಿತು. 1860ರ ದಶಕದಲ್ಲಿ ಅದರ ಶಾಸನವನ್ನು ಓದಿ ಬರೆದವರಲ್ಲಿ ಮೊದಲಿಗರು ಭಾವು ದಾಜಿ, ಬಾಂಬೆ ಅಸೋಸಿಯೇಷನ್ನಿನ ಅದೇ ಭಾವು ದಾಜಿ. ಇಪ್ಪತ್ತನೆಯ ಶತಮಾನದಲ್ಲಿ ವಿಮ್ಕೊ ಬೆಂಕಿಕಡ್ಡಿ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ, ರಾಸಾಯನಿಕ ಘಟಕಗಳು ಬಂದವು. 1920ರ ದಶಕದ ಕೊನೆಗೆ ವಿದ್ಯುತ್ ರೈಲು ಕಲ್ಯಾಣವನ್ನು ದಾಟಿತು. ಆಮೇಲೆ ಡೊಂಬಿವಲಿ, ಕಲ್ಯಾಣ, ಅಂಬರನಾಥ, ಬದಲಾಪುರಗಳು ಬೆಳೆದದ್ದು ಬೆಳಗಿನ ಲೋಕಲ್ಲಿನಲ್ಲಿ ನೇತಾಡಿ ಹೋಗುವ ನೌಕರಿಯವರಿಂದ. ಆ ಗುಂಪಿನಲ್ಲಿ ಕರಾವಳಿಯ, ಉತ್ತರ ಕರ್ನಾಟಕದ ಕನ್ನಡಿಗರು ತಲೆಮಾರುಗಳಿಂದ ಇದ್ದಾರೆ. ಪ್ರಯಾಣಿಕರಿಂದ ರೈಲು ಬದುಕದು ಎಂದಿದ್ದ 1840ರ ದಶಕದ ವಾದಕ್ಕೆ ಇಂದು ಬೆಳಗ್ಗೆ ಎಂಟು ಗಂಟೆಗೆ ಈ ನಿಲ್ದಾಣಗಳ ಪ್ಲಾಟ್‌ಫಾರ್ಮಿಗಿಂತ ದೊಡ್ಡ ಉತ್ತರ ಬೇಕಿಲ್ಲ.

ಅವರ ಹೆಸರಿನ ಸ್ಮಾರಕಗಳಲ್ಲಿ ಹೆಚ್ಚು ಕಾಲ ಬಾಳಿದ್ದು ರೈಲಿಗೆ ಸಂಬಂಧಿಸಿದ್ದಲ್ಲ. ಮೆಟ್ರಿಕ್ ಪರೀಕ್ಷೆಯಲ್ಲಿ ಸಂಸ್ಕೃತದಲ್ಲಿ ಮೊದಲು ಬಂದವರಿಗೆ ಕೊಡುವ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದ ಜಾಣರ ಕಿರೀಟವಾಗಿತ್ತು. 1912ರಲ್ಲಿ ಅದನ್ನು ಪಡೆದವರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದ ಸಿ. ಡಿ. ದೇಶಮುಖ್. ಮುಂಬಯಿಯ ಪುರಭವನದಲ್ಲಿ, ಏಷಿಯಾಟಿಕ್ ಸೊಸೈಟಿಯ ಗ್ರಂಥಗಳ ನಡುವೆ, ಅವರ ಅಮೃತಶಿಲೆಯ ಪ್ರತಿಮೆಯಿದೆ. ಗಿರಗಾಂವಿನ ಮುಖ್ಯ ರಸ್ತೆಗೆ ಅವರ ಹೆಸರು, ಗ್ರಾಂಟ್ ರೋಡ್ ಬಳಿಯ ಚೌಕಕ್ಕೆ ನಾನಾ ಚೌಕವೆಂಬ ಹೆಸರು. 2024ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ಮುಂಬಯಿ ಸೆಂಟ್ರಲ್ ನಿಲ್ದಾಣಕ್ಕೆ ಅವರ ಹೆಸರಿಡಬೇಕೆಂದು ಠರಾವು ಮಾಡಿತು. ಆ ನಿಲ್ದಾಣವನ್ನು 1930ರಲ್ಲಿ ಕಟ್ಟಿದ್ದು ಜಿಐಪಿಯ ಪ್ರತಿಸ್ಪರ್ಧಿಯಾಗಿದ್ದ ಬಾಂಬೆ, ಬರೋಡ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ; ನಾನಾ ದುಡಿದ ಕಂಪನಿಯ ರೈಲುಗಳು ಅಲ್ಲಿಗೆ ಬಂದದ್ದೇ ಇಲ್ಲ. ಹುಟ್ಟೂರು ಮುರ್ಬಾಡಿಗಂತೂ ಕಲ್ಯಾಣದಿಂದ ಹೋಗುವವರು ಈಗಲೂ ಬಸ್ಸನ್ನೇ ನಂಬಬೇಕು. ಅಲ್ಲಿಗೆ ರೈಲು ಮಾರ್ಗ ಬೇಕೆಂಬ ಬೇಡಿಕೆ ಹಲವು ಆಯವ್ಯಯಗಳನ್ನು ಕಂಡಿದೆ.